ದಿಲ್ಲಿ ಚಿತ್ರಶಾಲೆಯ ದಾರಿ

೯ ಜನವರಿ ೧೯೫೫, ರವಿವಾರ. ಗಜೇಂದ್ರಗಡ

ದಿಲ್ಲಿಯಲ್ಲಿ ಅವರ ನೌಕರಿ ಕಾಯಂ ಆಗಿದೆ. ಬುಧವಾರ ಕಾಗದ ಬಂತು. ಅಂದಿನಿಂದ ಯಾರ ಮುಂದಾದರೂ ಕುಳಿತು ಮಾತಾಡಬೇಕು ಅನಿಸುತ್ತಿದೆ. ಮನೆಯಲ್ಲಿರುವವರು ಅತ್ತೆ ಮತ್ತು ನಾನು, ಇಬ್ಬರೇ. ಗಂಡನ ಮಾತನ್ನು ಅತ್ತೆಯ ಮುಂದೆ ಎಷ್ಟು ಹೊತ್ತು ಆಡಲು ಬರುತ್ತದೆ? ಅದಕ್ಕೇ ಇದನ್ನು ಬರೆಯಲು ಸುರು ಮಾಡಿದ್ದೇನೆ.

ಅವರು ಮನೆ ಬಿಟ್ಟು ಮೂರು ವರ್ಷವಾಯಿತು. ಮೊದಲು ಮುಂಬಯಿಯ ಚಿತ್ರಕಲೆಯ ಶಾಲೆ, ಈಗ ದಿಲ್ಲಿ. ಹೋದ ವರ್ಷ ಅಲ್ಲಿ ಸರಕಾರದವರು ಒಂದು ಚಿತ್ರಶಾಲೆ ತೆರೆದಿದ್ದಾರೆ. ಹಿಂದೆ ಯಾವನೋ ರಾಜನ ಮನೆಯಾಗಿತ್ತಂತೆ, ಈಗ ಅದರ ಕೋಣೆ ಕೋಣೆಗಳಲ್ಲಿ ಚಿತ್ರಗಳಿವೆ. ದೇವರ ಪಟಗಳಲ್ಲ. ನಮ್ಮ ಕಾಲದವರು, ಇನ್ನೂ ಬದುಕಿರುವವರು ಕೂಡ, ಬರೆದ ಚಿತ್ರಗಳು. ಅವಕ್ಕೆ ಚೌಕಟ್ಟು ಕೂಡಿಸಿ ಗೋಡೆಗೆ ಏರಿಸುವುದು ನಮ್ಮ ಮನೆಯವರ ಕೆಲಸ. ‘ಬೇಸಿಗೆ ಸೂಟಿಯಲ್ಲಿ ಬಾ, ಎಲ್ಲ ತೋರಿಸುತ್ತೇನೆ’ ಎಂದು ಬರೆದಿದ್ದಾರೆ.

“ಚಿತ್ರಾ ನೋಡಾಕ ದಿಲ್ಲೀತನಾ ಹೋಗೂದೇನು?” ಎಂದರು ಅತ್ತೆ, ಮಗ್ಗದಿಂದ ಕಣ್ಣೆತ್ತದೆ. “ನಮ್ಮ ಅಂದಪ್ಪ ಇಲ್ಲೇ ಸೀರಿ ದಡಿಗೆ ನಮೂನಿ ಬರಕೊಂತ ಇದ್ದಿದ್ರ ಆಗ್ತಿರಲಿಲ್ಲೇನು?”

“ಆವಾಗ ನನ್ನ ಸಾಲಿ ಬಂದ್ ಇರತೈತ್ರಿ, ಅತ್ತಿ.”

“ಸಾಲಿ ಬಂದಾದ್ರ ಮಗ್ಗಾನೂ ಬಂದಕ್ಕೈತೇನು?”

ಆದರೆ ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ದಿಲ್ಲಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆಯೋ ಇಲ್ಲವೋ ಎಂದು ಕೇಳಿದರು.

ನನ್ನ ಗಂಡನ ಬೆರಳಿಗೆ ಯಾವಾಗಲೂ ಟರ್ಪೆಂಟೈನಿನ ವಾಸನೆ ಇರುತ್ತಿತ್ತು. ಆಗ ನನಗೆ ಅದರಿಂದ ತಲೆನೋವು ಬರುತ್ತಿತ್ತು. ಮೊನ್ನೆ ಸಾಲೆಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರು. ಮಕ್ಕಳನ್ನು ಒಳಗೆ ಕಳಿಸಿ ನಾನು ಅಲ್ಲೇ ನಿಂತೆ, ಆ ವಾಸನೆಗಾಗಿ.

೧೩ ಫೆಬ್ರವರಿ

ನಾನು ಕಲಿಸುವ ಸಾಲೆಯ ಹೆಡ್ಬಾಯಿಯವರು ಭೀಮಾಬಾಯಿ, ನರಗುಂದದವರು. ಅವರ ತಮ್ಮ ಮುಂಬಯಿಯಲ್ಲಿದ್ದಾನೆ. ಅಲ್ಲಿ ಒಮ್ಮೆ ಚಿತ್ರಗಳ ಪ್ರದರ್ಶನ ನೋಡಿ ಬಂದಿದ್ದಾರೆ ಎಂದು ಗೊತ್ತಿತ್ತು. ಇಂದು ಅವರ ಮನೆಗೆ ಹೋಗಿ ಕೇಳಿದೆ. ಒಳಗೆ ಹೋದ ಮೇಲೆ ಏನು ಮಾಡಬೇಕು? ಚಪ್ಪಲಿ ಎಲ್ಲಿ ಬಿಡಬೇಕು? ಚಿತ್ರದ ಅರ್ಥ ಕೇಳಿದರೆ ಏನು ಹೇಳಬೇಕು?

ಭೀಮಾಬಾಯಿಯವರು ನಗಲಿಲ್ಲ. “ಯಾರೂ ಏನೂ ಕೇಳೂದಿಲ್ಲ, ಬನಶಂಕರಿ. ಚಪ್ಪಲೀನೂ ಬಿಡಬೇಕಾಗಿಲ್ಲ. ಸುಮ್ಮನ ನಿಂದ್ರಬೇಕು, ನೋಡಬೇಕು. ನನಗೇನೂ ತಿಳೀಲಿಲ್ಲ ಖರೇ. ಆದ್ರ ಹೊರಗ ಬಂದ ಮ್ಯಾಲೆ ಟ್ರಾಮಿನ ಗಂಟಿ, ಜನರ ಮಾರಿ, ಎಲ್ಲಾ ಬ್ಯಾರೆ ಕಂಡ್ವು. ಸಂಜೀತನಕ ಹಂಗ ಇತ್ತು.”

ಒಂದು ಇಂಗ್ರೇಜಿ ಮಾಸಿಕ ಕೊಟ್ಟಿದ್ದಾರೆ. ಅದರ ನಡುವೆ ಒಂದು ಬಣ್ಣದ ಚಿತ್ರವಿದೆ. ಹೊಸ್ತಿಲ ಮೇಲೆ ನಮಗೆ ಬೆನ್ನು ಮಾಡಿ ಕುಳಿತ ಹೆಂಗಸು. ಮುಖವೇ ಇಲ್ಲ. ಇದನ್ನೇನು ನೋಡುವುದೋ ತಿಳಿಯಲಿಲ್ಲ. ದಿಲ್ಲಿಯಲ್ಲಿ ಇವರು ಪಕ್ಕದಲ್ಲಿ ನಿಂತು ಹೇಳಿದರೆ ತಿಳಿದೀತು. ಅವರು ಹೇಳುವಾಗ ನಾನು ಚಿತ್ರ ನೋಡುತ್ತೇನೋ, ಅವರನ್ನೇ ನೋಡುತ್ತೇನೋ.

೬ ಮಾರ್ಚ್

ನಮ್ಮ ಸೀರೆ ಒಯ್ಯುವ ವ್ಯಾಪಾರಿ ಅಲ್ಲಾಸಾಬರಿಂದ ಹಿಂದುಸ್ತಾನಿ ಕಲಿಯುತ್ತಿದ್ದೇನೆ. ಅವರು ಬಂದಾಗೆಲ್ಲ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಾತು ಹೇಳಿಕೊಡುತ್ತಾರೆ. ಅತ್ತೆ ಒಳಗಿನಿಂದ ಎಲ್ಲ ಕೇಳಿಸಿಕೊಂಡು ತಾವೂ ಅನ್ನುತ್ತಾರೆ.

“ಕಿಧರ್ ಹೈ ಅಂದ್ರ ಎಲ್ಲೈತಿ ಅಂತ,” ಎಂದರು ಅಲ್ಲಾಸಾಬರು. “ತಸ್ವೀರ್ ಅಂದ್ರ ಚಿತ್ರಾ. ಈಗ ಕೂಡಿಸಿ ಅನ್ನು ತಂಗಿ.”

ನಾನು ಅನ್ನುವ ಮೊದಲೇ ಒಳಗಿನಿಂದ ಅತ್ತೆ, “ಅಂದಪ್ಪ ಕಿಧರ್ ಹೈ?” ಅಂದರು. ಅಲ್ಲಾಸಾಬರು ನಕ್ಕು ನಕ್ಕು ಕೆಮ್ಮಿದರು. ಅತ್ತೆಯೂ ನಕ್ಕರು. ಮಾವ ತೀರಿಕೊಂಡ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ದಾರಿಯೂ ಗೊತ್ತಾಯಿತು. ಗದಗಿನ ತನಕ ಮೋಟಾರು. ಅಲ್ಲಿಂದ ಹುಬ್ಬಳ್ಳಿ, ಪುಣೆ. ಕಲ್ಯಾಣದಲ್ಲಿ ದಿಲ್ಲಿಯ ಗಾಡಿ. ಮೂರನೆಯ ತರಗತಿಯ ಹುಡುಗಿಯರಿಗೆ ನಕಾಶೆಯಲ್ಲಿ ಇದೇ ದಾರಿ ತೋರಿಸಿದೆ. ಬೆರಳಿನಿಂದ ಎಷ್ಟು ಬೇಗ ಮುಟ್ಟಬಹುದು.

೨೦ ಮಾರ್ಚ್

ದಿಲ್ಲಿಯಲ್ಲಿ ಕೈಮಗ್ಗದ ಪ್ರದರ್ಶನವಿದೆಯೆಂದು ಅಲ್ಲಾಸಾಬರು ಸೀರೆ ತೆಗೆದುಕೊಂಡು ಇಂದು ಹೊರಟರು. ಅವರ ಕೈಯಲ್ಲಿ ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ ಕಟ್ಟಿ ಕಳಿಸಿದೆವು. ಹೋಳಿಗೆ ನಾನೇ ಮಾಡಿದೆ. ಮೊದಲಿನ ನಾಲ್ಕು ಹರಿದವು, ಅವನ್ನು ತೆಗೆದಿಟ್ಟು ನೆಟ್ಟಗಿದ್ದವನ್ನೇ ಕಟ್ಟಿದೆ. ಸೂಟಿ ಎಂದು ಸುರುವಾಗುತ್ತದೆ, ಯಾವ ಗಾಡಿಗೆ ಬರುತ್ತೇನೆ ಎಂಬುದನ್ನು ಅಲ್ಲಾಸಾಬರಿಗೆ ಎರಡು ಸಲ ಹೇಳಿದ್ದೇನೆ.

ಆ ಗಂಟು ಮೋಟಾರಿನ ಮೇಲೆ ಏರಿದಾಗ ಅದರ ಮೇಲೆ ಹೊಟ್ಟೆಕಿಚ್ಚಾಯಿತು. ನನಗಿಂತ ಮೊದಲು ಅದು ಅವರ ಕೈ ಸೇರುತ್ತದೆ.

೩ ಏಪ್ರಿಲ್

ಬಿಸಿಲು. ಸಾಲೆ ಮುಂಜಾನೆ ಮಾತ್ರ. ಸಂಜೆ ಗುಡ್ಡದ ಬುಡದ ತನಕ ಹೋಗಿ ಬಂದೆ. ದಿಲ್ಲಿಗೆ ಉಟ್ಟುಕೊಂಡು ಹೋಗಲು ಅತ್ತೆ ಒಂದು ಸೀರೆ ನೇಯುತ್ತಿದ್ದಾರೆ, ಹಸಿರು ಒಡಲು, ಕೆಂಪು ದಡಿ. ‘ಮಾರೂದಲ್ಲ ಇದು, ಕೈ ಹಚ್ಚಬ್ಯಾಡ’ ಎಂದು ಅಕ್ಕಪಕ್ಕದವರಿಗೆಲ್ಲ ಹೇಳುತ್ತಾರೆ.

೧೧ ಏಪ್ರಿಲ್, ಸೋಮವಾರ

ಅಲ್ಲಾಸಾಬರು ಬಂದು ನಾಲ್ಕು ದಿನವಾಯಿತೆಂದು ಗೊತ್ತಾಯಿತು. ಬಂದವರು ನಮ್ಮ ಮನೆಗೆ ಬರಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ. ಮಧ್ಯಾಹ್ನ ಅತ್ತೆ ತಾವೇ ಅವರ ಮನೆಗೆ ಹೋದರು. ಮರಳಿ ಬಂದವರು ಮಗ್ಗಕ್ಕೆ ಕೂಡಲಿಲ್ಲ, ಅಡುಗೆಮನೆಯಲ್ಲಿ ಸುಮ್ಮನೆ ಕುಳಿತುಬಿಟ್ಟರು. ಅಂದಪ್ಪ ಅರಾಮ ಇದ್ದಾನೆ ಎಂದಷ್ಟೇ ಹೇಳಿದರು. ಹೋಳಿಗೆ ಮುಟ್ಟಿವೆಯಂತೆ.

ಸಂಜೆ ನನ್ನನ್ನು ಕರೆದು ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದರು. ಮದುವೆಯಾಗಿ ಬಂದ ಹೊಸತರಲ್ಲಿ ಹಚ್ಚುತ್ತಿದ್ದರು, ಆಮೇಲೆ ಇಂದೇ.

“ಈ ಬ್ಯಾಸಿಗ್ಯಾಗ ಬ್ಯಾಡ ತಂಗಿ,” ಅಂದರು. “ಅಲ್ಲಿ ಭಾಳ ಝಳ ಅಂತ.”

ನನಗೆ ಸಿಟ್ಟು ಬಂತು. ಝಳ ನಮ್ಮಲ್ಲಿ ಇಲ್ಲವೇ?

೧೩ ಏಪ್ರಿಲ್

ಹಸಿರು ಸೀರೆಯನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಕೇಳಿದರೆ ಕೈ ನೋವು ಅನ್ನುತ್ತಾರೆ. ನಿನ್ನೆ ಇಡೀ ದಿನ ಮಾರಾಟದ ಸೀರೆಗೆ ಲಾಳಿ ಒಗೆಯುವಾಗ ಕೈ ನೋಯಲಿಲ್ಲ. ಒಬ್ಬಳೇ ಸೊಸೆ ಹೋದರೆ ಲಾಳಿಯ ಕಂಡಿಕೆಗೆ ನೂಲು ಸುತ್ತುವವರು ಯಾರು ಎಂಬ ಲೆಕ್ಕವಿರಬೇಕು. ಇಂದು ಅದನ್ನು ಬಾಯಿ ಬಿಟ್ಟು ಅಂದೂ ಅಂದೆ. ಅತ್ತೆ ಎದ್ದು ಹೋಗಿ ಒಲೆಗೆ ಕಟ್ಟಿಗೆ ಒಟ್ಟಿದರು. ಅವರು ಬೈದಿದ್ದರೆ ಚೆನ್ನಾಗಿತ್ತು.

೧೭ ಏಪ್ರಿಲ್, ರವಿವಾರ

ಟ್ರಂಕು ತೆಗೆದು ಬಟ್ಟೆ ಇಡುತ್ತಿದ್ದೆ. ಅತ್ತೆ ಬಂದು ಮುಚ್ಚಳದ ಮೇಲೆ ಕೈಯಿಟ್ಟರು.

“ಹೋಗಬ್ಯಾಡ. ಅಲ್ಲಿ ಹೆಣ್ಮಗಳೊಬ್ಬಾಕಿ ಅದಾಳ.”

“ಎಲ್ಲಿ?”

“ಅಂದಪ್ಪ ಇರೂ ಖೋಲ್ಯಾಗ.”

ನನಗೆ ಮಾತು ಕೇಳಿಸಿತು, ತಿಳಿಯಲಿಲ್ಲ. ಅತ್ತೆ ನನ್ನ ಮುಖ ನೋಡದೆ, ಗೋಡೆಗೆ ಹೇಳುವಂತೆ ಹೇಳಿದರು. “ಪಂಜಾಬದಾಕಿ ಅಂತ. ದೇಶ ಒಡದಾಗ ಗಂಡನ್ನ, ಮನೀನ ಕಳಕೊಂಡು ಬಂದಾಕಿ. ಈಗ ಬಸರಿ ಅದಾಳ. ಅಲ್ಲಾಸಾಬ ಕಣ್ಣಾರೆ ನೋಡ್ಯಾನ. ಖೋಲಿ ಸಣ್ಣದೈತಿ, ಈ ವರ್ಷ ಬರೂದು ಬ್ಯಾಡ ಅಂತ ಹೇಳು ಅಂದನಂತ ಅಂದಪ್ಪ. ಅಲ್ಲಾಸಾಬನ ಬಾಯಾಗ ಆ ಸುಳ್ಳು ಬರಲಿಲ್ಲ. ಅದಕ್ಕ ನಮ್ಮ ಮನೀಗೆ ಬರಲಿಲ್ಲ ಅಂವ.”

“ಹೋಳಿಗಿ ಯಾರ ಕೈಯಾಗ ಕೊಟ್ರಂತ?”

“ಅದನ್ಯಾಕ ಕೇಳ್ತಿ?”

“ಹೇಳ್ರಿ.”

“ಆಕೀನ ಇಸಕೊಂಡಳಂತ,” ಎಂದರು ಅತ್ತೆ. ಆಮೇಲೆ ನೆಲಕ್ಕೆ ಕುಳಿತು ಅತ್ತರು. ನಾನು ಟ್ರಂಕಿನ ಬಟ್ಟೆ ತೆಗೆದು ಮತ್ತೆ ಗಳದ ಮೇಲೆ ಹಾಕಿದೆ, ಒಂದೊಂದಾಗಿ, ಮೊದಲು ಇದ್ದ ಹಾಗೆಯೇ.

೧೮ ಏಪ್ರಿಲ್

ಸಾಲೆಗೆ ಹೋದೆ. ಪಾಠ ಮಾಡಿದೆ.

೨೧ ಏಪ್ರಿಲ್

ಜನವರಿಯಲ್ಲಿ ‘ಬಾ’ ಎಂದು ಬರೆಯುವಾಗ ಅವಳು ಅಲ್ಲೇ ಇದ್ದಳೇ?

೧೫ ಮೇ. ಅಬ್ಬಿಗೇರಿ

ಅಣ್ಣ ಶಿವನಪ್ಪ ಬಂದು ತವರಿಗೆ ಕರೆದುಕೊಂಡು ಬಂದಿದ್ದಾನೆ. ಹೊಲಗಳೆಲ್ಲ ಕಪ್ಪಗೆ ಬಿರಿದು ನಿಂತಿವೆ. ಇಡೀ ದಿನ ಒಳಗೇ ಇರುತ್ತೇನೆ. ಹೊರಗೆ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ.

ಅಣ್ಣ ನಿನ್ನೆ ಹತ್ತಿರ ಕುಳಿತು ಹೇಳಿದ: “ಯಾರ ಸಲುವಾಗಿ ಆ ಮನ್ಯಾಗ ಕುಂದರ್ತಿ? ಸೋಡಚೀಟಿ ಬರಸಿ ಅವನ ಸಂಬಂಧ ಹರಕೊಳ್ಳೋಣು. ಜಕ್ಕಲ್ಯಾಗ ಒಂದು ಮನಿ ಐತಿ. ಹೆಂಡ್ತಿ ಸತ್ತಾಳ, ಚಲೋ ಮನಶ್ಯಾ. ನಿನ್ನ ನೌಕರೀನೂ ಬಿಡ್ಸೂದಿಲ್ಲ ಅಂತಾನ.”

“ಸೂಟಿ ಮುಗೀಲಿ ಅಣ್ಣಾ.”

ಅಣ್ಣನ ಮಾತಿನಲ್ಲಿ ತಪ್ಪೇನೂ ಇಲ್ಲ. ಅವನಿಗೆ ನನ್ನ ಮೇಲೆ ಜೀವ. ಆದರೆ ನನ್ನ ಎದೆಯೊಳಗೆ ಯಾರೋ ಇನ್ನೂ ದಿಲ್ಲಿಯ ಗಾಡಿಗೆ ಕಾಯುತ್ತಾ ಕುಳಿತಿದ್ದಾರೆ. ಅವರಿಗೆ ಏಳು ಎಂದು ಹೇಗೆ ಹೇಳಲಿ?

೧೨ ಜೂನ್. ಗಜೇಂದ್ರಗಡ

ನಾಳೆ ಸಾಲೆ ಸುರು. ಮೋಟಾರು ಇಳಿದು ಯಾವ ಮನೆಗೆ ಹೋಗಬೇಕೆಂದು ನಿಂತು ಯೋಚಿಸಲಿಲ್ಲ. ಕಾಲು ಬಂದವು. ಅತ್ತೆ ಬಾಗಿಲಲ್ಲೇ ಇದ್ದರು.

“ಬಂದೇನು?”

“ಬಂದ್ನಿರಿ.”

ರೊಟ್ಟಿ ಹಾಕಿದರು. ಉಂಡೆ. ಕಂಡಿಕೆ ಸುತ್ತಲು ಕುಳಿತೆ. ಜಕ್ಕಲಿಯ ಮಾತು ಅವರ ಕಿವಿಗೂ ಬಿದ್ದಿರಬೇಕು.

೩ ಜುಲೈ

ಭೀಮಾಬಾಯಿಯವರ ಮಾಸಿಕ ನನ್ನ ಹತ್ತಿರವೇ ಉಳಿದಿತ್ತು. ಮರಳಿ ಕೊಡಲು ತೆಗೆದೆ, ಮತ್ತೆ ಇಟ್ಟುಕೊಂಡೆ. ಆ ಬೆನ್ನು ಮಾಡಿ ಕುಳಿತ ಹೆಂಗಸಿಗೆ ಯಾಕೆ ಮುಖ ಬರೆದಿಲ್ಲವೆಂದು ಫೆಬ್ರವರಿಯಲ್ಲಿ ಬೇಸರವಾಗಿತ್ತು. ಈಗ ನೋಡಿದರೆ ಅವಳು ಅಳುತ್ತಿದ್ದಾಳೋ, ಬರೇ ಗಾಳಿಗೆ ಕುಳಿತಿದ್ದಾಳೋ ಹೇಳಲು ಬರುವುದಿಲ್ಲ. ಹೆಗಲು ಒಂದು ತುಸು ಕೆಳಗಿದೆ. ಅದನ್ನು ಬರೆದವನು ಅವಳನ್ನು ಕರೆಯದೆ ಹಿಂದೆಯೇ ನಿಂತಿದ್ದ. ಅದು ನನಗೆ ಹಿಡಿಸಿತು.

ಅಚ್ಚಿನಲ್ಲಿ ಬಣ್ಣ ಸರಿಯಾಗಿ ಬಂದಿರುವುದಿಲ್ಲವಂತೆ. ಹಾಗಾದರೆ ಖರೇ ಬಣ್ಣ ಹೇಗಿರುತ್ತದೆ?

೧೪ ಆಗಸ್ಟ್

ಅಲ್ಲಾಸಾಬರು ಮೊದಲಿನಂತೆ ಬರುತ್ತಿದ್ದಾರೆ. ಮೊದಮೊದಲು ತಲೆ ತಗ್ಗಿಸಿ ಸೀರೆ ಎಣಿಸಿಕೊಂಡು ಹೋಗುತ್ತಿದ್ದರು. ಇಂದು ನಾನೇ ಕೇಳಿದೆ, “ಕಾಕಾ, ‘ಒಳಗ ಹೋಗಬಹುದೇನು’ ಅನ್ನಾಕ ಏನಂತಾರ?”

ಅವರು ಒಂದು ಗಳಿಗೆ ನನ್ನನ್ನು ನೋಡಿದರು. “ಅಂದರ್ ಜಾ ಸಕ್ತೇ ಹೈಂ ಕ್ಯಾ,” ಎಂದರು. ಆಮೇಲೆ ಮೆಲ್ಲಗೆ, “ತಂಗಿ, ಆ ಹೆಣ್ಮಗಳು ಕೆಟ್ಟಾಕಿ ಅಲ್ಲ. ನನಗ ಕುಡಿಯಾಕ ನೀರು ಕೊಟ್ಳು. ನೀವು ಅವರ ಊರಿನವರಾ ಅಂತ ಕೇಳಿ ಭಾಳ ಖುಷಿಯಾದ್ಳು. ಊರಾಗ ಹೆಂಡ್ತಿ ಅದಾಳ ಅಂತ ಆಕೀಗೆ ಗೊತ್ತಿಲ್ಲ, ಅಂತ ನನಗನಸತೈತಿ” ಎಂದರು.

ಅವಳ ಮನೆಯೂ ಒಂದು ಊರಿನಲ್ಲಿ ಇದ್ದಿರಬೇಕು. ಅದರ ಬಾಗಿಲಿಗೆ ಯಾವ ಬಣ್ಣವಿತ್ತೋ.

೧೬ ಅಕ್ಟೋಬರ್

ಊರ ತುಂಬ ಒಂದೇ ಮಾತು, ಕನ್ನಡ ನಾಡು ಒಂದಾಗುತ್ತದೆ ಎಂದು. ಭೀಮಾಬಾಯಿಯವರು ವರ್ತಮಾನಪತ್ರಿಕೆ ಓದಿ, “ಇನ್ನ ಮುಂದ ನಾವು ಮುಂಬಯಿ ರಾಜ್ಯದವರಲ್ಲ, ನೋಡು” ಎಂದರು. ಅದೇ ಉಸಿರಿನಲ್ಲಿ, ದೀಪಾವಳಿ ಸೂಟಿಗೆ ಎಲ್ಲಿಗಾದರೂ ಹೋಗುತ್ತೀಯಾ ಎಂದು ಕೇಳಿದರು. ದಿಲ್ಲಿಗೆ, ಎಂದೆ. ಬಾಯಿಂದ ಬಂದ ಮೇಲೆ ನನಗೇ ಗೊತ್ತಾಯಿತು.

ಸಂಜೆ ಅತ್ತೆಗೂ ಹೇಳಿದೆ. ಲಾಳಿ ನಿಂತಿತು.

“ಅವನ್ನ ನೋಡಾಕ?”

“ಅಲ್ರಿ. ಚಿತ್ರಾ ನೋಡಾಕ.”

“ಅಂವ ಅಲ್ಲೇ ಇರ್ತಾನಲ್ಲ.”

“ಇರ್ಲಿ ಬಿಡ್ರಿ. ಅವು ಅಷ್ಟೂ ಗ್ವಾಡಿ ಅವರವಲ್ಲ.”

ಅತ್ತೆ ಹರಿದ ಎಳೆಯೊಂದನ್ನು ಹೊಸೆದು ಕೂಡಿಸಿದರು. “ಕೂಸು ಹುಟ್ಟಿರಬೇಕು,” ಅಂದರು. ಆಮೇಲೆ, “ನಾನೂ ಬರ್ತೀನಿ. ನನಗ ಚಿತ್ರಾ ಬ್ಯಾಡ, ತಿಳೀದಿಲ್ಲ. ಅವನ ಮಾರಿ ಒಂದ್ಸಲ ನೋಡಿ ಬರ್ತೀನಿ. ಹೆತ್ತ ಹೊಟ್ಟಿ ಕೇಳೂದಿಲ್ಲ. ನೀ ಸಿಟ್ಟಾಗಬಾರದು.”

“ನಾ ಯಾಕ ಸಿಟ್ಟಾಗ್ಲಿ?”

“ಸಿಟ್ಟಾದ್ರೂ ನಡೀತೈತಿ,” ಎಂದರು ಅತ್ತೆ. “ಆದ್ರ ಬ್ಯಾಡ ಅನಬ್ಯಾಡ.”

೬ ನವೆಂಬರ್

ಅಣ್ಣ ಬಂದಿದ್ದ. ಜಕ್ಕಲಿಯವರು ಕಾಯುತ್ತಿದ್ದಾರಂತೆ. ದಿಲ್ಲಿಯಿಂದ ಬಂದು ಹೇಳುತ್ತೇನೆ ಎಂದೆ. “ಅವನ ಕಾಲು ಹಿಡಿಯಾಕ ಹೊಂಟಿ ಏನು?” ಎಂದು ರೇಗಿದ. ಚಿತ್ರ ನೋಡಲು ಎಂದರೆ ಅವನು ನಂಬಲಿಲ್ಲ. ಅವನು ನಂಬದೆ ಇದ್ದರೂ ನನಗೆ ಏನೂ ಅನಿಸಲಿಲ್ಲ. ಅವನಿಗೆ ಚಹಾ ಮಾಡಿಕೊಟ್ಟು, ರೊಟ್ಟಿ ಬಡಿಯಲು ಕುಳಿತೆ. ದಾರಿಯಲ್ಲಿ ಕೆಡದ ಕಟಿ ರೊಟ್ಟಿ ಬಹಳ ಬೇಕು.

೨೦ ನವೆಂಬರ್. ಗಾಡಿಯಲ್ಲಿ

ಕಲ್ಯಾಣ ದಾಟಿದೆ. ಅತ್ತೆ ಕಿಟಕಿಯ ಹತ್ತಿರ ಕುಳಿತು ಎದುರಿನ ಹೆಂಗಸಿಗೆ ಕನ್ನಡದಲ್ಲೇ ಮಗ್ಗದ ಸುದ್ದಿ ಹೇಳುತ್ತಿದ್ದಾರೆ. ಅವಳು ಯಾವ ಭಾಷೆಯವಳೋ, ಹೂಂಗುಟ್ಟುತ್ತಿದ್ದಾಳೆ. ಇಬ್ಬರೂ ರೊಟ್ಟಿ ಹಂಚಿಕೊಂಡರು. ಹೊರಗೆ ಮಣ್ಣಿನ ಬಣ್ಣ ಬದಲಾಗುತ್ತಿದೆ. ಕಪ್ಪು ಹೋಯಿತು, ಕಂದು ಬಂತು, ಈಗ ಬೂದಿ. ನೋಡುತ್ತ ನೋಡುತ್ತ ಮಧ್ಯಾಹ್ನವೇ ಕಳೆಯಿತು. ಇಷ್ಟು ಹೊತ್ತು ಬೇರೆ ಏನನ್ನೂ ನೆನೆಸಲಿಲ್ಲ ಎಂದು ಈಗ ಬರೆಯುವಾಗ ತಿಳಿಯಿತು.

೨೩ ನವೆಂಬರ್. ದಿಲ್ಲಿ

ಧರ್ಮಶಾಲೆಯ ಪಡಸಾಲೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಇನ್ನೂ ಬೆಳಕಿದೆ. ಅತ್ತೆ ಬಂದಿಲ್ಲ.

ಮುಂಜಾನೆ ಟಾಂಗಾದಲ್ಲಿ ಹೋದೆವು. ದಾರಿ ನಾನೇ ಕೇಳಿದೆ. ಟಾಂಗಾದವನಿಗೆ ಎರಡನೆಯ ಸಲಕ್ಕೆ ತಿಳಿಯಿತು. ಗೇಟಿನಲ್ಲಿ ಕಾವಲುಗಾರ ನಿಂತಿದ್ದ. ನಾನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅತ್ತೆ, “ಅಂದಪ್ಪನ್ನ ಕರಿಯಪ್ಪಾ, ಅವ್ವ ಬಂದಾಳ ಅನ್ನು” ಎಂದುಬಿಟ್ಟರು. ಹೆಸರೊಂದೇ ಅವನಿಗೆ ತಿಳಿದದ್ದು. ಒಳಗೆ ಹೋಗಿ ಕರೆತಂದ.

ಅಂದಪ್ಪ ಖಾಕಿ ಕೋಟು ಹಾಕಿದ್ದ. ತಲೆಯಲ್ಲಿ ಅಲ್ಲಲ್ಲಿ ನರೆ. ಅವ್ವನನ್ನು ಕಂಡವನೇ ಹುಲ್ಲಿನ ಮೇಲೆ ಕುಸಿದು ಕಾಲು ಹಿಡಿದ. ಅತ್ತೆ ದಾರಿಯುದ್ದಕ್ಕೂ ಏನೇನೋ ಬೈಗುಳ ಕೂಡಿಸಿ ಇಟ್ಟುಕೊಂಡಿದ್ದರು. ಒಂದೂ ಬರಲಿಲ್ಲ. “ಎಷ್ಟ್ ಸೊರಗೀಯಲ್ಲೊ,” ಎಂದು ಅವನ ತಲೆ ಸವರಿದರು. ಅವನು ತಲೆಯೆತ್ತಿ ನನ್ನನ್ನು ನೋಡಿದ.

“ನೀವು ತಾಯಿ ಮಗ ಮಾತಾಡ್ರಿ,” ಎಂದು ನಾನು ಒಳಗೆ ಹೋದೆ.

ಒಳಗೆ ತಂಪು. ನನ್ನ ಚಪ್ಪಲಿಯ ಸಪ್ಪಳ ನನಗೇ ದೊಡ್ಡದಾಗಿ ಕೇಳಿಸಿ ಬೆರಳ ತುದಿಯಲ್ಲಿ ನಡೆದೆ. ಮೊದಲ ಕೋಣೆಯಲ್ಲಿ ನಿಲ್ಲಲೂ ಆಗಲಿಲ್ಲ. ಎಲ್ಲ ಗೋಡೆಗಳೂ ಒಮ್ಮೆಲೆ ಕರೆದ ಹಾಗಾಯಿತು. ಎರಡನೆಯದರಲ್ಲಿ ಒಂದು ಗುಡ್ಡವಿತ್ತು, ನೀಲಿ. ಹತ್ತಿರ ಹೋದರೆ ಗುಡ್ಡವೇ ಇಲ್ಲ, ಮೆತ್ತಿದ ಬಣ್ಣ ಮಾತ್ರ. ಹಿಂದೆ ಸರಿದರೆ ಮತ್ತೆ ಗುಡ್ಡ. ಎಷ್ಟು ಸಲ ಹೋಗಿ ಬಂದೆನೋ, ಮೂಲೆಯಲ್ಲಿ ಕುಳಿತ ಸಿಪಾಯಿ ನಕ್ಕ. ಕೆಲವು ನನಗೇನೂ ಹೇಳಲಿಲ್ಲ, ಅವುಗಳ ಮುಂದೆಯೂ ಒಂದಿಷ್ಟು ನಿಂತೆ.

ಆಮೇಲಿನ ಕೋಣೆಯಲ್ಲಿ ಒಂದು ಹೊರಸಿನ ಚಿತ್ರವಿತ್ತು. ಮಧ್ಯಾಹ್ನದ ಹೊತ್ತು, ಬೇವಿನ ಗಿಡ, ಅದರ ನೆರಳಿನಲ್ಲಿ ಹಗ್ಗದ ಹೊರಸು. ಮೇಲೆ ಒಂದು ಬಿಳಿ ಚಾದರ, ನಡುವೆ ತಗ್ಗಾಗಿದೆ. ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ. ಮರಳಿ ಬರುತ್ತಾರೋ ಇಲ್ಲವೋ ಚಿತ್ರ ಹೇಳುವುದಿಲ್ಲ. ಆದರೆ ಆ ತಗ್ಗಿನ ಮೇಲೆ, ಎಲೆಗಳ ಸಂದಿಯಿಂದ, ಒಂದು ಅಂಗೈಯಷ್ಟು ಬಿಸಿಲು ಬಿದ್ದಿದೆ. ಅದನ್ನು ಬರೆದವರಿಗೆ ಇದು ಹೇಗೆ ಗೊತ್ತಾಯಿತು? ಮನೆಯಲ್ಲಿ ನಾಲ್ಕು ವರ್ಷ ನಾನು ನೋಡುತ್ತ ಬಂದದ್ದು ಅದನ್ನೇ, ಬಿಸಿಲೊಂದನ್ನು ಬಿಟ್ಟು. ಬಿಸಿಲು ಅಲ್ಲಿಯೂ ಬೀಳುತ್ತಿದ್ದಿರಬೇಕು. ನಾನು ನೋಡಿರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆನೋ. ಹಿಂದೆ ಯಾರೋ ಬಂದರು. ಟರ್ಪೆಂಟೈನಿನ ವಾಸನೆಯಿಂದಲೇ ಯಾರೆಂದು ತಿಳಿಯಿತು. ತಿರುಗಲಿಲ್ಲ.

“ಇದನ್ನ ನಾನ ಏರಿಸೀನಿ,” ಎಂದ ಅಂದಪ್ಪ.

“ಚಲೋ ಏರಿಸೀರಿ. ನೆಟ್ಟಗೈತಿ.”

“ಬನಶಂಕರಿ, ನಾ ನಿನಗ ಏನ್ ಹೇಳ್ಲಿ…”

“ಆಕೀಗೆ ಹೇಳೀರೇನು? ನಾ ಇದ್ದದ್ದು.”

“ಹೇಳೀನಿ. ಈಗ ಎರಡು ತಿಂಗಳಾತು. ಆವತ್ತಿನಿಂದ ಸರಿಯಾಗಿ ಉಣವಲ್ಲಳು.” ಮತ್ತೆ ಹೇಳಿದ, “ಗಂಡು ಕೂಸೈತಿ. ಅವ್ವ ಖೋಲೀಗೆ ಬರ್ತೀನಿ ಅಂತಾಳ, ಕೂಸಿನ್ನ ನೋಡಾಕ. ಆದ್ರ ನೀ ಹೂಂ ಅನ್ನೂತನಕ ಹೆಜ್ಜಿ ಕಿತ್ತಿಡೂದಿಲ್ಲಂತ. ಗೇಟಿನ ಹತ್ರ ಕುಂತಾಳ.”

ಈ ಗಳಿಗೆಯಲ್ಲಿ ಏನು ಅನ್ನಬೇಕೆಂದು ಏಪ್ರಿಲಿನಿಂದ ಎಷ್ಟು ಸಲ ಯೋಚಿಸಿದ್ದೆ. ಅದೆಲ್ಲ ಎಲ್ಲಿ ಹೋಯಿತೋ. ನನಗೆ ಹೊಳೆದದ್ದು ಒಂದೇ. ಬಿಸಿಲಿನಲ್ಲಿ ಕುಳಿತರೆ ಅತ್ತೆಗೆ ತಲೆ ಸುತ್ತುತ್ತದೆ.

“ಲಗೂನ ಕರಕೊಂಡು ಹೋಗ್ರಿ. ನಾ ಹೂಂ ಅಂದೆ ಅಂತ ಹೇಳ್ರಿ. ಸಂಜೀಕ ಧರ್ಮಶಾಲಿಗೆ ತಂದು ಬಿಡ್ರಿ, ಒಬ್ಬಾಕೀನ ಕಳಸಬ್ಯಾಡ್ರಿ.”

“ಮತ್ತ ನೀ?”

“ನನ್ನವು ಇನ್ನೂ ಎರಡು ಕೋಣಿ ಉಳದಾವ್ರಿ,” ಎಂದೆ.

ಅಂದಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ. ನಾನು ಮುಂದಿನ ಕೋಣೆಗೆ ಹೋದೆ.